ತೀರ್ಪಿಗೆ ಕಾಯಬೇಡಿ: ತುಮಕೂರು ಜಿಲ್ಲೆಯಲ್ಲಿ ಅಪರಾಧ ಸಂತ್ರಸ್ತರ ಪರಿಹಾರ ಕೇಳುವ ದಾರಿ

ಕೊಲೆಯೋ ಅತ್ಯಾಚಾರವೋ ಕೈಕಾಲು ಮುರಿಯುವಂಥ ಹಲ್ಲೆಯೋ ನಡೆದ ಮನೆಗೆ ಬಂದವರು ಸಮಾಧಾನಕ್ಕೆ ಹೇಳುವ ಮಾತೊಂದಿದೆ: 'ಕೇಸು ಗೆಲ್ಲಲಿ, ಪರಿಹಾರ ತಾನಾಗೇ ಬರುತ್ತೆ.' ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಎರಡೂ ತಪ್ಪು. ಪರಿಹಾರಕ್ಕೆ ಕೇಸು ಗೆಲ್ಲಬೇಕಿಲ್ಲ. ಮತ್ತು ಅದು ತಾನಾಗಿ ಬರುವುದು ಬಲು ಅಪರೂಪ. ಸರ್ಕಾರ ಕೊಡುವ ಈ ಹಣ ಆದ ಗಾಯಕ್ಕೆ, ಹೋದ ಜೀವಕ್ಕೆ, ನಿಂತುಹೋದ ದುಡಿಮೆಗೆ. ಅಪರಾಧಿಗೆ ಶಿಕ್ಷೆಯಾಯಿತೇ ಇಲ್ಲವೇ ಎಂಬುದು ಬೇರೆಯೇ ಲೆಕ್ಕ.

ಕಾನೂನು ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಎಂಬ ಕಲಂ ಸೇರಿ 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ, 2003ರಲ್ಲಿ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ್ ಅವರ ಸಮಿತಿ ಇಂಥದ್ದೊಂದು ಬೇಕೆಂದು ಒತ್ತಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ ಈಗ ಕಲಂ 396 (ಮುಂದೆ ಬರಿ ಕಲಂ ಎಂದು ಬಂದಲ್ಲೆಲ್ಲ ಈ ಸಂಹಿತೆಯದೇ). ಕರ್ನಾಟಕಕ್ಕೆ ತನ್ನದೇ ಆದ 2011ರ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮಾಡಿದ 2018ರ ಯೋಜನೆ ಬೇರೆ ಇದೆ. ಅದು ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ.

ಖುಲಾಸೆಯಾದರೆ ಎಲ್ಲ ಮುಗಿಯಿತು ಎನ್ನುವವರು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ನೆನೆಯಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ನಿಲ್ಲಲಿಲ್ಲ ಎಂದಮಾತ್ರಕ್ಕೆ ಏಳು ಹೆಣ ಸುಳ್ಳಾಗಲಿಲ್ಲ. ಈಗಿನ ಕಲಂ 396ರ ಮೂರನೇ ಉಪಕಲಂ ಇಂಥ ಸಂದರ್ಭಕ್ಕೇ ಇರುವುದು: ಆರೋಪಿ ಬಿಡುಗಡೆಯಾದರೂ ನೊಂದವರಿಗೆ ಪುನರ್ವಸತಿ ಬೇಕು ಅನ್ನಿಸಿದರೆ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು.

ಯಾವ ಬಾಗಿಲು ನಿಮ್ಮದು

ಹಣ ಬರುವ ದಾರಿ ಒಂದೇ ಅಲ್ಲ. ಒಂದೇ ಘಟನೆಗೆ ಎರಡು ದಾರಿ ತೆರೆದಿರುವುದೂ ಉಂಟು.

ದೊಡ್ಡ ಬಾಗಿಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ್ದು. ತುಮಕೂರಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ. ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು ಅಧ್ಯಕ್ಷರು, ದಿನದ ಕೆಲಸ ನೋಡುವವರು ಸದಸ್ಯ ಕಾರ್ಯದರ್ಶಿಗಳು. ಅವರೂ ನ್ಯಾಯಾಧೀಶರೇ. ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಸುಟ್ಟಗಾಯ, ಅಂಗ ಊನವಾಗುವಂಥ ಹಲ್ಲೆ ಎಲ್ಲಕ್ಕೂ ಅರ್ಜಿ ಇಲ್ಲಿಗೆ.

ಎರಡನೆಯದು ವಿಚಾರಣೆ ನಡೆಸುವ ಕೋರ್ಟೇ. ಶಿಕ್ಷೆ ವಿಧಿಸುವಾಗ ದಂಡದ ಹಣದಿಂದಲೋ ಅಪರಾಧಿಯ ಕೈಯಿಂದಲೋ ಪರಿಹಾರ ಕೊಡಿಸಲು ಕಲಂ 395 ಅವಕಾಶ ಕೊಡುತ್ತದೆ. ಇದು ಮಾತ್ರ ಶಿಕ್ಷೆಯಾದಾಗಲೇ ಸಿಗುವುದು. ಊರಲ್ಲಿ ಎಲ್ಲರೂ ಇದನ್ನೂ ಅದನ್ನೂ ಕಲಸಿಕೊಂಡಿರುವುದರಿಂದಲೇ 'ಕೇಸು ಗೆಲ್ಲಲಿ' ಎಂಬ ಮಾತು ಹುಟ್ಟಿರುವುದು.

ನೊಂದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿ, ಆರೋಪಿ ಆ ಸಮುದಾಯದವನಲ್ಲದೆ, ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಗಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಬಾಗಿಲಿದೆ. ಅಲ್ಲಿ ಮೊತ್ತ ಮೊದಲೇ ನಿಗದಿ, 85 ಸಾವಿರದಿಂದ 8 ಲಕ್ಷ 25 ಸಾವಿರದವರೆಗೆ. ಕಂತೂ ನಿಗದಿ. ಕೊಲೆಯಾದರೆ 8 ಲಕ್ಷ 25 ಸಾವಿರದಲ್ಲಿ ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಉಳಿದರ್ಧ ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ. ತಕ್ಷಣದ ನೆರವು ಏಳು ದಿನದೊಳಗೆ ಸಿಗುವಂತೆ ನೋಡಿಕೊಳ್ಳುವುದು ನಿಯಮದ ಪ್ರಕಾರ ಜಿಲ್ಲಾಧಿಕಾರಿಗಳ ಕೆಲಸ. ಇಲ್ಲಿ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಒಂದೇ ಕಾಗದಕ್ಕೆ, ಜಾತಿ ಪ್ರಮಾಣಪತ್ರ. ಆರ್‌ಡಿ ನಂಬರ್ ಇರುವ ಪ್ರತಿ ಕೈಲಿಲ್ಲದಿದ್ದರೆ ಮೊದಲ ದಿನವೇ ನಾಡಕಚೇರಿಗೆ ಅರ್ಜಿ ಹಾಕಿ.

ಇನ್ನೊಂದು, ಗುದ್ದಿ ಓಡಿಹೋದ ವಾಹನ. ರಾಷ್ಟ್ರೀಯ ಹೆದ್ದಾರಿ 48 ಜಿಲ್ಲೆಯ ನಡುವೆಯೇ ಹಾದುಹೋಗುವುದರಿಂದ ಸಿರಾ, ತುಮಕೂರು ಕಡೆಯವರು ಇದನ್ನು ತಿಳಿದಿರಲೇಬೇಕು. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅದಕ್ಕೂ ಮೊದಲು 25 ಸಾವಿರ ಮತ್ತು ಹನ್ನೆರಡೂವರೆ ಸಾವಿರವಷ್ಟೇ ಇತ್ತು. ಅರ್ಜಿ ಹೋಗುವುದು ಕಾನೂನು ಪ್ರಾಧಿಕಾರಕ್ಕಲ್ಲ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ. ಅವರ ವರದಿಯ ಮೇಲೆ ಮಂಜೂರು ಮಾಡುವವರು ಜಿಲ್ಲಾಧಿಕಾರಿ. ವಾಹನದ ಗುರುತು ಒಂದು ತಿಂಗಳಲ್ಲಿ ಸಿಗದಿದ್ದರೆ, ಇಂಥ ಯೋಜನೆ ಇದೆ, ಅರ್ಜಿ ಇಂಥವರಿಗೆ ಕೊಡಿ ಎಂದು ಠಾಣಾಧಿಕಾರಿ ನಿಮಗೆ ಬರಹದಲ್ಲಿ ತಿಳಿಸಬೇಕು. ಇದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ. ಆ ಕಾಗದ ಕೈಗೆ ಬಾರದಿದ್ದರೆ ಹೋಗಿ ಕೇಳಿ.

ಕಳವು, ಆನ್‌ಲೈನ್ ವಂಚನೆಯಲ್ಲಿ ಹೋದ ದುಡ್ಡಿಗೆ ಈ ಯಾವ ಬಾಗಿಲೂ ಇಲ್ಲ. ಆನ್‌ಲೈನ್ ಮೋಸಕ್ಕೆ 1930ಕ್ಕೆ ಗಂಟೆಯೊಳಗೆ ಫೋನು ಮಾಡುವುದೇ ಮದ್ದು.

ಮೊದಲ ಹದಿನೈದು ದಿನ

ಅರ್ಜಿ ಬಲವಾಗುವುದೂ ಬಡವಾಗುವುದೂ ಈ ದಿನಗಳಲ್ಲೇ. ಮನೆಯಲ್ಲಿ ಸೂತಕವಿರುತ್ತದೆ, ಆಸ್ಪತ್ರೆ ಓಡಾಟವಿರುತ್ತದೆ. ಹಾಗಾಗಿ ಕಾಗದದ ಕೆಲಸವನ್ನು ನೊಂದವರ ತಲೆಗೆ ಕಟ್ಟದೆ ನೆಂಟರಲ್ಲೊಬ್ಬರು, ತಮ್ಮನೋ ಸೋದರಮಾವನೋ ಪಕ್ಕದ ಮನೆಯ ಅಕ್ಕನೋ, ವಹಿಸಿಕೊಳ್ಳಲಿ. ಒಂದು ಪ್ಲಾಸ್ಟಿಕ್ ಫೈಲ್ ಸಾಕು.

ಎಫ್‌ಐಆರ್ ಪ್ರತಿ. ದೂರು ಕೊಟ್ಟವರಿಗೆ ಅಥವಾ ನೊಂದವರಿಗೆ ಇದನ್ನು ಉಚಿತವಾಗಿ ಕೊಡಬೇಕೆಂದು ಕಲಂ 173 ಹೇಳುತ್ತದೆ. ಪ್ರತಿ ಕೈಗೆ ಬಂದ ಕೂಡಲೇ ಎರಡು ನೋಡಿ. ಒಂದು, ಹಾಕಿರುವ ಕಲಂಗಳು ಆದ ಗಾಯಕ್ಕೆ ತಕ್ಕವೇ? ಮೂಳೆ ಮುರಿದಿದ್ದರೂ ಸಾಮಾನ್ಯ ಹಲ್ಲೆಯ ಕಲಂ ಹಾಕಿದ್ದರೆ ವೈದ್ಯರ ಕಾಗದ ತೋರಿಸಿ, ತೀವ್ರ ಗಾಯದ ಕಲಂ ಸೇರಿಸಲು ತನಿಖಾಧಿಕಾರಿಗೆ ಬರೆದುಕೊಡಿ. ಎರಡು, ಹೆಸರು. ಎಫ್‌ಐಆರಿನಲ್ಲಿ 'ಲಕ್ಷ್ಮಮ್ಮ ಕೋಂ ರಂಗಪ್ಪ', ಆಧಾರದಲ್ಲಿ 'ಲಕ್ಷ್ಮೀದೇವಮ್ಮ ಆರ್.', ಪಾಸ್‌ಬುಕ್ಕಿನಲ್ಲಿ ಮೂರನೆಯದೇ ಒಂದು ಹೆಸರು. ಹೀಗಿದ್ದರೆ ಆರು ತಿಂಗಳ ನಂತರ ಮಂಜೂರಾದ ಹಣ ಬ್ಯಾಂಕಿನಿಂದ ವಾಪಸ್ಸಾಗುತ್ತದೆ. ಮೂರೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಈಗಲೇ ಮಾಡಿಸಿಡಿ.

ಪಾವಗಡದವರಿಗೆ ಒಂದು ಮಾತು. ನಿಮ್ಮ ತಾಲ್ಲೂಕು ಬಹುಪಾಲು ಆಂಧ್ರದ ನಡುವೆ ಕೂತಿದೆ. ಘಟನೆ ಮಡಕಶಿರಾ ಕಡೆಯೋ ಹಿಂದೂಪುರ ಕಡೆಯೋ ನಡೆದಿದ್ದರೂ ಪಾವಗಡ ಠಾಣೆಯಲ್ಲಿ ದೂರು ಕೊಡಬಹುದು, ಅದನ್ನು ಝೀರೋ ಎಫ್‌ಐಆರ್ ಎಂದು ದಾಖಲಿಸಿ ಅತ್ತ ಕಳಿಸುತ್ತಾರೆ. ಆದರೆ ಕೇಸು ಆಂಧ್ರಕ್ಕೆ ಹೋದ ಮೇಲೆ ಪರಿಹಾರದ ಅರ್ಜಿಯೂ ಅಲ್ಲಿನ ಪ್ರಾಧಿಕಾರಕ್ಕೇ ಹೋಗಬೇಕಾಗುವುದು ವಾಡಿಕೆ. ಅಲ್ಲಿ ಹೊಸದಾಗಿ ಬೀಳುವ ಅಪರಾಧ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಎರಡು ರಾಜ್ಯದ ಮಧ್ಯೆ ಅಲೆಯುವುದೇ ಆಗುತ್ತದೆ.

ಆಸ್ಪತ್ರೆಯ ಕಾಗದ. ಎಂಎಲ್‌ಸಿ ಸಂಖ್ಯೆ (ಪೊಲೀಸ್ ಕೇಸಿನ ಗಾಯವೆಂದು ಆಸ್ಪತ್ರೆ ದಾಖಲಿಸಿದ್ದಕ್ಕೆ ಕೊಡುವ ಸಂಖ್ಯೆ), ಗಾಯದ ಪ್ರಮಾಣಪತ್ರ (ಠಾಣೆಯಲ್ಲೂ ಆಸ್ಪತ್ರೆಯಲ್ಲೂ ಎಲ್ಲರೂ ವೂಂಡ್ ಸರ್ಟಿಫಿಕೇಟ್ ಎಂದೇ ಅನ್ನುವುದು), ಡಿಸ್ಚಾರ್ಜ್ ಸಮ್ಮರಿ, ಔಷಧದ ಬಿಲ್ಲು. ಅತ್ಯಾಚಾರ, ಆ್ಯಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಸರ್ಕಾರಿಯಿರಲಿ ಖಾಸಗಿಯಿರಲಿ ಪ್ರತಿ ಆಸ್ಪತ್ರೆಯೂ ಉಚಿತವಾಗಿ, ತಕ್ಷಣ ಚಿಕಿತ್ಸೆ ಕೊಡಬೇಕು. ಇದು ಕಲಂ 397. ಕೊಡದವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 200ರಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. 'ಮೊದಲು ಅಡ್ವಾನ್ಸ್ ಕಟ್ಟಿ' ಎಂಬ ಮಾತು ಕೌಂಟರಿನಲ್ಲಿ ಬಂದರೆ ಈ ಎರಡು ಸಂಖ್ಯೆ ಹೇಳಿ, 112ಕ್ಕೆ ಕರೆ ಮಾಡಿ.

ಬಸ್ಸಿನ ಟಿಕೇಟು. ನಗಬೇಡಿ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು. ಶಕ್ತಿ ಯೋಜನೆಯಿಂದಾಗಿ ಹೆಂಗಸರಿಗೆ ಸಿಗುವುದು ಶೂನ್ಯ ಟಿಕೇಟು. ಅದರಲ್ಲಿ ದುಡ್ಡಿಲ್ಲದಿದ್ದರೂ ದಿನಾಂಕವಿದೆ. ಹನ್ನೊಂದು ಸಲ ಡ್ರೆಸ್ಸಿಂಗಿಗೆ ಹೋಗಿಬಂದದ್ದಕ್ಕೆ, ಅಷ್ಟು ದಿನ ಕೂಲಿ ಹೋದದ್ದಕ್ಕೆ ಅದೇ ಸಾಕ್ಷಿ. ಜೊತೆಗೆ ಬಂದ ಗಂಡಸರ ಟಿಕೇಟಿನಲ್ಲಿ ದುಡ್ಡೂ ಇದೆ. ಈ ಕಾಗದ ಬಿಸಿಲಿಗೆ ಮಾಸಿ ಬೆಳ್ಳಗಾಗುತ್ತದೆ. ವಾರಕ್ಕೊಮ್ಮೆ ಒಂದೇ ಹಾಳೆಯ ಮೇಲೆ ಸಾಲಾಗಿಟ್ಟು ಜೆರಾಕ್ಸ್ ಮಾಡಿಸಿ. ಮೆಡಿಕಲ್ ಸ್ಟೋರಿನ ಬಿಲ್ಲಿಗೂ ಇದೇ ಗತಿ.

ಬ್ಯಾಂಕ್ ಖಾತೆ. ಪೂರ್ತಿ ಕೆವೈಸಿ ಆಗದ 'ಸಣ್ಣ ಖಾತೆ'ಯಲ್ಲಿ 50 ಸಾವಿರಕ್ಕಿಂತ ಹೆಚ್ಚು ಉಳಿಸಿಕೊಳ್ಳುವಂತಿಲ್ಲ, ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ಪರಿಹಾರದ ಹಣ ಅಲ್ಲೇ ತಡೆಯುತ್ತದೆ. ಬ್ಯಾಂಕಿಗೆ ಹೋಗಿ ಕೆವೈಸಿ ಮುಗಿಸಿ. ಬೆಳೆಸಾಲ ಬಾಕಿ ಇರುವ ಖಾತೆಯನ್ನೂ ಕೊಡಬೇಡಿ, ಬೇರೆ ತೆರೆಯಿರಿ.

ಅರ್ಜಿ ಬರೆಯುವುದು

ಅರ್ಜಿಯನ್ನು ನೊಂದವರು ಕೊಡಬಹುದು, ಅವರನ್ನು ನಂಬಿದ್ದವರು ಕೊಡಬಹುದು, ಮಹಿಳೆಯರ ಯೋಜನೆಯಲ್ಲಿ ಠಾಣಾಧಿಕಾರಿಯೇ ಕೊಡಬಹುದು. ಅಷ್ಟೇ ಅಲ್ಲ, ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಪ್ರಕರಣಗಳಲ್ಲಿ ಎಫ್‌ಐಆರ್ ಪ್ರತಿಯನ್ನು ಠಾಣೆಯವರು ಕೂಡಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಲೇಬೇಕೆಂದು ಆ ಯೋಜನೆ ಹೇಳುತ್ತದೆ. ಆ ಎಫ್‌ಐಆರ್ ನೋಡಿ ಪ್ರಾಧಿಕಾರ ತಾನೇ ತಾತ್ಕಾಲಿಕ ಪರಿಹಾರ ಕೊಡಬಹುದು. ಇಡೀ ವ್ಯವಸ್ಥೆಯಲ್ಲಿ ಸವೆದುಹೋಗಿರುವ ಕೊಂಡಿ ಇದೇ ಎಂಬುದು ನಮ್ಮ ಅಭಿಪ್ರಾಯ. ಠಾಣೆಯ ರೈಟರ್ 'ಚಾರ್ಜ್‌ಶೀಟ್ ಆಗಲಿ, ಆಮೇಲೆ ಬನ್ನಿ ಅಮ್ಮ' ಎಂದು ಕಳಿಸಿಬಿಡುತ್ತಾರೆ. ಎಫ್‌ಐಆರ್ ಪ್ರಾಧಿಕಾರಕ್ಕೆ ಹೋಯಿತೇ, ಯಾವ ದಿನ ಎಂದು ಅಲ್ಲೇ ಕೇಳಿ. ಹೋಗಿಲ್ಲವೆಂದರೆ ಜಗಳ ಬೇಡ, ನೀವೇ ಅರ್ಜಿ ಹಾಕಿ.

ಅರ್ಜಿಯ ನಮೂನೆ ಪ್ರಾಧಿಕಾರದಲ್ಲೇ ಸಿಗುತ್ತದೆ. ತುಂಬಲು ವಕೀಲರಿಗೆ ಫೀಸು ಕೊಡಬೇಕಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಹಕ್ಕು. ಸಹಾಯವಾಣಿ 15100. ಸಿರಾ, ತಿಪಟೂರು, ಮಧುಗಿರಿ, ಕುಣಿಗಲ್‌ನಂಥ ಕಡೆಯವರು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೇ ಕೊಟ್ಟು ಮುಂದಕ್ಕೆ ಕಳಿಸಲು ಕೇಳಬಹುದು.

ನಮೂನೆಯ ಖಾನೆಗಳನ್ನು ತುಂಬುವುದು ಸುಲಭ. ಮೊತ್ತ ನಿರ್ಧಾರವಾಗುವುದು ಜೊತೆಗಿಡುವ ವಿವರಣೆಯಿಂದ. ಪ್ರಾಧಿಕಾರ ನೋಡಬೇಕಾದ ಅಂಶಗಳನ್ನು ಯೋಜನೆಯೇ ಪಟ್ಟಿ ಮಾಡಿದೆ: ಕೃತ್ಯದ ತೀವ್ರತೆ, ದೇಹಕ್ಕೂ ಮನಸ್ಸಿಗೂ ಆದ ಪೆಟ್ಟು, ಆದ ಮತ್ತು ಆಗಲಿರುವ ವೈದ್ಯಕೀಯ ಖರ್ಚು, ತಪ್ಪಿದ ಓದು, ಹೋದ ಕೆಲಸ, ಆರೋಪಿಗೂ ನೊಂದವರಿಗೂ ಇರುವ ಸಂಬಂಧ, ಒಮ್ಮೆ ನಡೆದದ್ದೋ ಪದೇಪದೇ ನಡೆದದ್ದೋ, ಬಸುರಾದದ್ದುಂಟೇ, ಅಂಗವೈಕಲ್ಯ, ಮನೆಯ ಸ್ಥಿತಿ. ಇವುಗಳಲ್ಲಿ ನಿಮಗೆ ಹೊಂದುವ ಪ್ರತಿಯೊಂದಕ್ಕೂ ಎರಡು ಸಾಲು, ಒಂದು ಕಾಗದ. 'ತುಂಬಾ ಕಷ್ಟದಲ್ಲಿದ್ದೇವೆ, ದಯಮಾಡಿ ಹೆಚ್ಚಿನ ಪರಿಹಾರ ಕೊಡಿಸಬೇಕಾಗಿ ವಿನಂತಿ' ಎಂಬ ಒಕ್ಕಣೆಯಿಂದ ಒಂದು ರೂಪಾಯಿಯೂ ಹೆಚ್ಚಾಗದು. ಹೆಚ್ಚಾಗುವುದು ಇಂಥ ಬರಹದಿಂದ:

'ನಾನು ತಿಪಟೂರಿನಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದೆ. ದಿನಕ್ಕೆ ಸರಾಸರಿ 500 ರೂ. ಸಿಗುತ್ತಿತ್ತು (ಕೆಲಸ ಕೊಡುತ್ತಿದ್ದವರ ಪತ್ರ, ಪುಟ 7). ಹಲ್ಲೆಯಲ್ಲಿ ಬಲಗೈ ಮಣಿಕಟ್ಟು ಮುರಿದು 90 ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ನಷ್ಟ 45,000 ರೂ. ವೈದ್ಯರು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೆಂದು ಬರೆದಿದ್ದಾರೆ (ಪುಟ 9). ಕತ್ತಿ ಹಿಡಿಯಲು ಬಾರದ ಕಾರಣ ಇದೇ ಕೆಲಸಕ್ಕೆ ಮರಳಲಾರೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ಇಬ್ಬರು ಮಕ್ಕಳು ಶಾಲೆಯಲ್ಲಿದ್ದಾರೆ (ವ್ಯಾಸಂಗ ಪ್ರಮಾಣಪತ್ರ, ಪುಟ 11 ಮತ್ತು 12).'

ಕೂಲಿಯವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಕೆಲಸ ಕೊಟ್ಟವರ ಸಹಿ ಇರುವ ಚೀಟಿ, ನರೇಗಾ ಜಾಬ್ ಕಾರ್ಡು, ಸಂಘದಲ್ಲಿ ವಾರವಾರ ಕಟ್ಟಿದ ಉಳಿತಾಯದ ಪುಸ್ತಕ, ಯಾವುದಾದರೂ ಆಗುತ್ತದೆ. ಘಟನೆಯಾದ ವಾರದಿಂದ ಉಳಿತಾಯದ ಖಾನೆ ಖಾಲಿ ಬಿದ್ದಿರುವುದು ಬಾಯಿಮಾತಿಗಿಂತ ಗಟ್ಟಿ ಸಾಕ್ಷಿ.

ಅಂಗವೈಕಲ್ಯದ ಶೇಕಡಾವಾರು ಬಗ್ಗೆ ಎಚ್ಚರ. ಮಹಿಳೆಯರ ಯೋಜನೆಯಲ್ಲಿ ಮೆಟ್ಟಿಲುಗಳಿವೆ: ಶೇ. 20ಕ್ಕಿಂತ ಕಡಿಮೆಯಾದರೆ 1ರಿಂದ 2 ಲಕ್ಷ, 20ರಿಂದ 40 ಆದರೆ 1ರಿಂದ 3 ಲಕ್ಷ, 40ರಿಂದ 80 ಆದರೆ 2ರಿಂದ 4 ಲಕ್ಷ, 80 ದಾಟಿದರೆ 2ರಿಂದ 5 ಲಕ್ಷ. ಶೇ. 38 ಎಂದು ಬರೆಸಿಕೊಂಡವರಿಗೂ 42 ಎಂದು ಬರೆಸಿಕೊಂಡವರಿಗೂ ಮೇಲ್ಮಿತಿಯಲ್ಲಿ ಒಂದು ಲಕ್ಷ ವ್ಯತ್ಯಾಸ. ಪ್ಲಾಸ್ಟರ್ ಬಿಚ್ಚಿದ ವಾರವೇ ಓಡಿಹೋಗಿ ಅರೆಬರೆ ಪ್ರಮಾಣಪತ್ರ ಮಾಡಿಸಬೇಡಿ, ಚಿಕಿತ್ಸೆ ಮುಗಿದು ಸ್ಥಿತಿ ನಿಂತ ಮೇಲೆ ವೈದ್ಯಕೀಯ ಮಂಡಳಿಯಿಂದ ಪಡೆಯಿರಿ. ಹಾಗೆಂದು ಅರ್ಜಿಯನ್ನು ತಡೆಹಿಡಿಯಲೂಬೇಡಿ. 'ಅಂಗವೈಕಲ್ಯ ಪ್ರಮಾಣಪತ್ರ ನಂತರ ಹಾಜರುಪಡಿಸುತ್ತೇನೆ, ಅಲ್ಲಿಯವರೆಗೆ ತಾತ್ಕಾಲಿಕ ಪರಿಹಾರ ಕೊಡಿ' ಎಂದು ಬರೆದು ಕೊಟ್ಟುಬಿಡಿ.

ಅದೇ ಯೋಜನೆಯ ಉಳಿದ ಅಂಕಿಗಳು: ಸಾವು ಮತ್ತು ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆ್ಯಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ. ನೊಂದವರು ಅಪ್ರಾಪ್ತರಾದರೆ ಮಿತಿ ಇದರ ಮೇಲೆ ಅರ್ಧದಷ್ಟು ಹೆಚ್ಚು. ತಾತ್ಕಾಲಿಕ ಪರಿಹಾರವಾಗಿ ತಕ್ಷಣ 5 ಸಾವಿರದಿಂದ 10 ಸಾವಿರ. ಆ್ಯಸಿಡ್ ದಾಳಿಯಾದರೆ ಹದಿನೈದು ದಿನದೊಳಗೆ 1 ಲಕ್ಷ, ಆಮೇಲೆ ಎರಡು ತಿಂಗಳೊಳಗೆ ಇನ್ನೆರಡು ಲಕ್ಷ. ಅರ್ಜಿಗೆ ಅವಧಿ ಘಟನೆ ಅಥವಾ ಎಫ್‌ಐಆರ್ ಆದ ದಿನದಿಂದ ಮೂರು ವರ್ಷ. ಗಂಡಸರ ಅರ್ಜಿ ನಡೆಯುವುದು ರಾಜ್ಯದ 2011ರ ಯೋಜನೆಯಲ್ಲಿ. ಅಲ್ಲಿ ಮೊತ್ತವೂ ಅವಧಿಯೂ ಬೇರೆ, ಆದ್ದರಿಂದ ಮೂರು ವರ್ಷವಿದೆ ಎಂದು ಯಾರೂ ನೆಮ್ಮದಿಯಾಗಿ ಕೂರಬೇಡಿ. ಮೊದಲ ತಿಂಗಳಲ್ಲೇ ಹಾಕಿ.

ಮಗುವಿನ ಪ್ರಕರಣವಾದರೆ

ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆಯ ಪ್ರಕರಣದಲ್ಲಿ ದಾರಿ ಸ್ವಲ್ಪ ಬೇರೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಊಟ, ಬಟ್ಟೆ, ಓಡಾಟದಂಥ ತುರ್ತು ಅಗತ್ಯಕ್ಕೆ 2020ರ ಪೋಕ್ಸೊ ನಿಯಮಗಳ 8ನೇ ನಿಯಮದಡಿ ಸಮಿತಿಯೇ 'ವಿಶೇಷ ಪರಿಹಾರ' ಶಿಫಾರಸು ಮಾಡಬಹುದು. ಅದು ವಾರದೊಳಗೆ ಕೈಸೇರಬೇಕು. ಬಹಳ ಕಡೆ ಯಾರೂ ಕೇಳುವುದೇ ಇಲ್ಲ, ಆದ್ದರಿಂದ ಯಾರೂ ಕೊಡುವುದಿಲ್ಲ. ಮಗುವಿನ ಜೊತೆ ಕೊನೆಯವರೆಗೆ ಇರಲು ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಲೂ ಸಮಿತಿಯನ್ನೇ ಕೇಳಿ.

ದೊಡ್ಡ ಮೊತ್ತ ನಿರ್ಧರಿಸುವುದು ವಿಶೇಷ ನ್ಯಾಯಾಲಯ. 9ನೇ ನಿಯಮದಂತೆ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ತಾತ್ಕಾಲಿಕ ಪರಿಹಾರ ಕೇಳಬಹುದು. ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಹಣ ಕೊಡಬೇಕು. ಮಗು ಓದುವ ಶಾಲೆ ಬದಲಿಸಬೇಕಾಗಿ ಬಂದರೆ ಆ ಖರ್ಚನ್ನೂ ಅರ್ಜಿಯಲ್ಲಿ ಸೇರಿಸಿ. ಸಹಾಯವಾಣಿ ಮಕ್ಕಳಿಗೆ 1098, ಹೆಂಗಸರಿಗೆ 181.

ಮಗುವಿನ ಅಥವಾ ಅತ್ಯಾಚಾರಕ್ಕೊಳಗಾದವರ ಹೆಸರಿರುವ ಆದೇಶದ ಫೋಟೊವನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಉತ್ಸಾಹಿಗಳಿದ್ದಾರೆ. ಗುರುತು ಬಯಲು ಮಾಡುವುದು ಅಪರಾಧ.

'ಕೋರ್ಟಿನಿಂದ ಬರಲಿ' ಎಂದರೆ

ಕೌಂಟರಿನಲ್ಲಿ ಕೇಳಿಬರುವ ಸಾಮಾನ್ಯ ತಡೆ ಇದು: 'ಕೋರ್ಟಿನ ಶಿಫಾರಸು ಬೇಕು.' ಇದಕ್ಕೆ ಉತ್ತರ ಮೂರು ತರ.

ನೊಂದವರು ಮಹಿಳೆಯಾಗಿದ್ದರೆ ಶಿಫಾರಸು ಬೇಕಿಲ್ಲ, 2018ರ ಯೋಜನೆ ನೇರ ಅರ್ಜಿಯನ್ನು ಒಪ್ಪುತ್ತದೆ.

ಆರೋಪಿ ಪತ್ತೆಯೇ ಆಗಿಲ್ಲದಿದ್ದರೆ ಗಂಡಸರಿಗೂ ಬೇಕಿಲ್ಲ. ಕಲಂ 396ರ ನಾಲ್ಕನೇ ಉಪಕಲಂ ಅದಕ್ಕೇ ಇದೆ. ಇಲ್ಲಿ ನಮ್ಮ ರಾಜ್ಯದ ಠಾಣೆಗಳ ಭಾಷೆ ತಿಳಿದಿರಬೇಕು. ಆರೋಪಿ ಸಿಗದೆ ತನಿಖೆ ಮುಚ್ಚಿದರೆ ಹಾಕುವುದು 'ಸಿ ರಿಪೋರ್ಟ್'. ಅದು ಕೈಗೆ ಬಂದಾಗ ಕೇಸು ಮುಗಿಯಿತು ಎಂದು ಕೊರಗುವವರೇ ಹೆಚ್ಚು, ಆದರೆ ಪರಿಹಾರದ ಮಟ್ಟಿಗೆ ಅದು ನೇರ ಅರ್ಜಿಗೆ ಬೇಕಾದ ಆಧಾರ. ಪ್ರತಿ ಪಡೆದು ಅರ್ಜಿಗೆ ಲಗತ್ತಿಸಿ. 'ಬಿ ರಿಪೋರ್ಟ್' ಬೇರೆ, ಅದು ಘಟನೆಯೇ ಸುಳ್ಳು ಅಥವಾ ತಪ್ಪು ತಿಳಿವಳಿಕೆ ಎನ್ನುವ ವರದಿ. ಅದಕ್ಕೆ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕದೆ ಬಿಟ್ಟರೆ ಪರಿಹಾರದ ಬುಡವೇ ಅಲುಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರನ್ನು ಕೂಡಲೇ ಕಾಣಿ.

ಆರೋಪಿ ಸಿಕ್ಕಿದ್ದಾನೆ, ನೊಂದವರು ಗಂಡಸರು ಎಂದಾದರೆ ಕೋರ್ಟಿಗೆ ಹೋಗಿ ಶಿಫಾರಸು ಕೇಳುವುದೇ ನೇರ ದಾರಿ. ತಾತ್ಕಾಲಿಕ ಪರಿಹಾರದ ಅಗತ್ಯವನ್ನು ನ್ಯಾಯಾಲಯಗಳು ತಾವಾಗಿಯೇ ಗಮನಿಸಬೇಕು ಎಂದು ಸುರೇಶ್ ಮತ್ತು ಹರಿಯಾಣ ರಾಜ್ಯದ ನಡುವಿನ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರ ನವೆಂಬರ್ 4ರಂದು, ಲೈಂಗಿಕ ದೌರ್ಜನ್ಯದಂಥ ದೈಹಿಕ ಗಾಯದ ಪ್ರಕರಣಗಳನ್ನು, ಅದರಲ್ಲೂ ಮಕ್ಕಳ ಮತ್ತು ಮಹಿಳೆಯರ ಪ್ರಕರಣಗಳನ್ನು ತೀರ್ಮಾನಿಸುವ ಸತ್ರ ನ್ಯಾಯಾಲಯಗಳು ಪರಿಹಾರದ ಆದೇಶ ಮಾಡಬೇಕೆಂದು ಇನ್ನೂ ಗಟ್ಟಿಯಾಗಿ ನಿರ್ದೇಶಿಸಿದೆ. ಸರ್ಕಾರಿ ಅಭಿಯೋಜಕರಿಗೆ ಒಂದು ಪುಟದ ಅರ್ಜಿ ಕೊಟ್ಟು ಹಾಜರುಪಡಿಸಲು ಕೋರಿ. ತೀರ್ಪಿನ ದಿನ ಹತ್ತಿರವಾದಾಗ ಇದನ್ನು ಮತ್ತೊಮ್ಮೆ ನೆನಪಿಸಿ, ಯಾಕೆಂದರೆ ವಾದವೆಲ್ಲ ಶಿಕ್ಷೆಯ ಸುತ್ತಲೇ ಸುತ್ತಿ ಪರಿಹಾರದ ಸಾಲು ಬಿಟ್ಟುಹೋಗುತ್ತದೆ. ಕೋರ್ಟು ಕೊಟ್ಟ ಪರಿಹಾರ ಸಾಲದೆಂದರೆ ಮೇಲ್ಮನವಿ ಹಾಕುವ ಹಕ್ಕು ನೊಂದವರಿಗೇ ಇದೆ, ಕಲಂ 413.

ಕೊಟ್ಟ ಮೇಲೆ

ಅರ್ಜಿಯ ಎರಡನೇ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಅಲ್ಲಿಂದ ಎರಡು ತಿಂಗಳು ಎಣಿಸಿ. ವಿಚಾರಣೆ ಮುಗಿಸಲು ಕಾನೂನು ಕೊಟ್ಟ ಗಡುವು ಅದು. ಈ ನಡುವೆ ಪ್ರಾಧಿಕಾರ ಠಾಣೆಯಿಂದ ವರದಿ ಕೇಳುತ್ತದೆ, ಅರ್ಜಿ ಮಲಗುವುದು ಬಹುಮಟ್ಟಿಗೆ ಅಲ್ಲೇ. ಮೂವತ್ತನೇ ದಿನ ಪ್ರಾಧಿಕಾರಕ್ಕೆ ಹೋಗಿ, ವರದಿ ಕೇಳಿದ ಪತ್ರದ ಸಂಖ್ಯೆ ಮತ್ತು ದಿನಾಂಕ ಬರೆದುಕೊಂಡು, ಅದೇ ಚೀಟಿ ಹಿಡಿದು ಠಾಣೆಗೆ ಹೋಗಿ. 'ನಮ್ಮ ಅರ್ಜಿ ಏನಾಯ್ತು ಸಾರ್' ಎಂದು ಕೇಳಿದವರಿಗೂ 'ಇಂಥ ದಿನದ ಇಂಥ ಸಂಖ್ಯೆಯ ಪತ್ರಕ್ಕೆ ಉತ್ತರ ಹೋಯಿತೇ' ಎಂದು ಕೇಳಿದವರಿಗೂ ಸಿಗುವ ಉತ್ತರ ಬೇರೆಬೇರೆ.

ಅರ್ಜಿ ತಿರಸ್ಕೃತವಾದರೆ ಅಥವಾ ಮೊತ್ತ ಕಡಿಮೆಯಾದರೆ ಮೇಲ್ಮನವಿ ಇದೆ: ರಾಜ್ಯದ 2011ರ ಯೋಜನೆಯಲ್ಲಿ 90 ದಿನದೊಳಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ, ಮಹಿಳೆಯರ ಯೋಜನೆಯಲ್ಲಾದರೆ ಗಡುವು 30 ದಿನವಷ್ಟೇ. ಆದೇಶದ ಪ್ರತಿ ಯಾವ ದಿನ ಕೈಗೆ ಬಂತೆಂದು ಅದರ ಮೇಲೇ ಬರೆದಿಡಿ.

ಮಹಿಳೆಯರ ಯೋಜನೆಯಲ್ಲಿ ಮಂಜೂರಾದ ಹಣವೆಲ್ಲ ಒಮ್ಮೆಗೇ ಕೈಗೆ ಬರದು. ಶೇ. 75 ಕನಿಷ್ಠ ಮೂರು ವರ್ಷದ ಎಫ್‌ಡಿಗೆ, ಶೇ. 25 ಮಾತ್ರ ಕೂಡಲೇ ಬಳಕೆಗೆ. ನಾಲ್ಕು ಲಕ್ಷ ಎಂದರೆ ಒಂದು ಲಕ್ಷ ಕೈಗೆ, ಮೂರು ಲಕ್ಷ ಬ್ಯಾಂಕಿನಲ್ಲಿ. ಅಪ್ರಾಪ್ತರಾದರೆ ಶೇ. 80 ಎಫ್‌ಡಿ, ಅದೂ ಹದಿನೆಂಟು ತುಂಬುವವರೆಗೆ. ಇದು ಗೊತ್ತಿಲ್ಲದೆ 'ಮಧ್ಯದಲ್ಲಿ ಯಾರೋ ತಿಂದರು' ಎಂದು ಮನೆಯಲ್ಲೇ ಜಗಳ ಹತ್ತುವುದುಂಟು. ಎಫ್‌ಡಿಯ ಬಡ್ಡಿ ತಿಂಗಳುತಿಂಗಳು ಉಳಿತಾಯ ಖಾತೆಗೆ ಬರಬೇಕು. ಬ್ಯಾಂಕಿನವರು ಅವಧಿ ಮುಗಿದಾಗ ಬಡ್ಡಿ ಕೊಡುವ ಠೇವಣಿ ಮಾಡಿದ್ದರೆ ಪ್ರಾಧಿಕಾರಕ್ಕೆ ತಿಳಿಸಿ ಸರಿಪಡಿಸಿಕೊಳ್ಳಿ. ಓದಿಗೋ ಚಿಕಿತ್ಸೆಗೋ ತುರ್ತಾಗಿ ಬೇಕಾದರೆ ಅವಧಿಗೆ ಮೊದಲೇ ತೆಗೆಯಲು ಪ್ರಾಧಿಕಾರ ಅನುಮತಿ ಕೊಡಬಹುದು. ಕಾಲೇಜಿನ ಶುಲ್ಕದ ಪಟ್ಟಿಯೋ ವೈದ್ಯರ ಅಂದಾಜು ಪತ್ರವೋ ಲಗತ್ತಿಸಿ. ಮದುವೆ ಖರ್ಚಿಗೆ, ಅಣ್ಣನ ಸಾಲಕ್ಕೆ ಕೇಳಿ ಬರುವ ಅರ್ಜಿಗಳು ತಿರಸ್ಕೃತವಾಗುತ್ತವೆ. ಆಗಲೂ ಬೇಕು.

ಕೇಸು ಬಿದ್ದುಹೋದರೆ ಹಣ ವಾಪಸು ಕೇಳುತ್ತಾರೆಯೇ ಎಂಬ ಭಯ ಹಲವರಿಗೆ. ದೂರು ಸುಳ್ಳು ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿದರೆ ಮಾತ್ರ ವಸೂಲಿಗೆ ಅವಕಾಶ. ಸಾಕ್ಷ್ಯ ಸಾಲದೆ ಬಿಡುಗಡೆಯಾಯಿತು ಎನ್ನುವುದು ದೂರು ಸುಳ್ಳು ಎಂದಂತಲ್ಲ. ಆದರೆ ರಾಜಿ ಪಂಚಾಯ್ತಿ ಮಾಡಿಕೊಂಡು, ಕಟಕಟೆಯಲ್ಲಿ 'ಏನೂ ನಡೆದೇ ಇಲ್ಲ' ಎಂದು ಹೇಳುವವರು ಈ ಕುಣಿಕೆಗೆ ತಾವೇ ಕೊರಳೊಡ್ಡುತ್ತಾರೆ.

ಜಿಲ್ಲೆಯಲ್ಲಿ ಏನು ಬದಲಾಗಬೇಕು, ಯಾರು ಕೇಳಬೇಕು

ಹೊಸ ಕಾನೂನು ಬರುವವರೆಗೆ ಕಾಯಬೇಕಾದವು ಕೆಲವಿವೆ. 2018ರ ಮೊತ್ತಗಳನ್ನು ಬೆಲೆ ಏರಿಕೆಗೆ ಜೋಡಿಸಬೇಕು, ಗಂಡಸರಿಗೂ ನೇರ ಅರ್ಜಿಯ ದಾರಿ ತೆರೆಯಬೇಕು. ಅವು ಬೆಂಗಳೂರು, ದೆಹಲಿಯ ಕೆಲಸ. ತುಮಕೂರಿನಲ್ಲೇ ಆಗಬಹುದಾದದ್ದು ಬೇರೆ.

ಗ್ರಾಮ ಪಂಚಾಯ್ತಿ ಸದಸ್ಯರು, ಸ್ತ್ರೀಶಕ್ತಿ ಸಂಘದವರು, ವಕೀಲರ ಸಂಘದ ಕಿರಿಯರು ಮಾಹಿತಿ ಹಕ್ಕಿನಡಿ ಕೇಳಲಿ. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಯಾರ ಹೆಸರನ್ನೂ ಕೇಳಬೇಡಿ, ಸಂಖ್ಯೆಗಳನ್ನಷ್ಟೇ ಕೇಳಿ. ಹೆಸರು ಕೇಳಿದ ಅರ್ಜಿ ಅಲ್ಲೇ ತಿರಸ್ಕಾರವಾಗುತ್ತದೆ. ಜಿಲ್ಲಾ ಪೊಲೀಸ್ ಕಚೇರಿಗೆ: ಕಳೆದ ಹಣಕಾಸು ವರ್ಷದಲ್ಲಿ ಪ್ರತಿ ಠಾಣೆಯಲ್ಲಿ ದಾಖಲಾದ ಅತ್ಯಾಚಾರ, ಪೋಕ್ಸೊ, ಆ್ಯಸಿಡ್ ದಾಳಿ ಪ್ರಕರಣಗಳೆಷ್ಟು, ಅವುಗಳಲ್ಲಿ ಎಷ್ಟು ಎಫ್‌ಐಆರ್‌ಗಳನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಲಾಗಿದೆ? ಪ್ರಾಧಿಕಾರಕ್ಕೆ: ಬಂದ ಅರ್ಜಿಗಳೆಷ್ಟು, ಎರಡು ತಿಂಗಳೊಳಗೆ ತೀರ್ಮಾನವಾದವೆಷ್ಟು, ಆದೇಶವಾಗಿಯೂ ಹಣ ಬಿಡುಗಡೆಯಾಗದವೆಷ್ಟು? ಎರಡೂ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವ ಠಾಣೆಯ ಕೊಂಡಿ ಕಳಚಿದೆ ಎಂದು ಗೊತ್ತಾಗುತ್ತದೆ.

ಪರಿಶಿಷ್ಟ ಜಾತಿ-ಪಂಗಡದವರ ಮೇಲಿನ ದೌರ್ಜನ್ಯ ಪ್ರಕರಣಗಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಬಾಕಿ ಕಂತುಗಳ ಪಟ್ಟಿಯನ್ನು ಅಪರಾಧ ಸಂಖ್ಯೆ ಸಹಿತ ಸಭೆಗೆ ಒಂದು ವಾರ ಮೊದಲೇ ಸಮಿತಿಯ ಸದಸ್ಯರೊಬ್ಬರ ಕೈಗೆ ಕೊಡಿ. ಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡುವುದಕ್ಕಿಂತ, ಆ ಪಟ್ಟಿ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಮುಂದಿನ ಸಭೆಯಲ್ಲಿ ಅಧಿಕಾರಿಗಳು ಆ ಸಾಲುಗಳಿಗೆ ಒಂದೊಂದಾಗಿ ಉತ್ತರ ಬರೆಯಬೇಕಾಗುತ್ತದೆ.